ನಾನು ತೆಗೆದುಹಾಕಿದ ಎರಡು ಪದ

ನನ್ನ ತಮ್ಮ ಬರೆದ ಒಂದೂವರೆ ಪುಟದ ಬರಹವನ್ನು ನಾನು ಪದ ಬದಲಾಯಿಸಿ ನನ್ನದು ಮಾಡಿಕೊಂಡೆ. ಇಂಥ ಸಿನಿಮಾ ಚೆನ್ನಾಗಿದೆ, ನೋಡಿ ಎಂದು ನಾಲ್ಕು ಜನಕ್ಕೆ ಹೇಳುವ ಬರಹ, ಅಷ್ಟೇ. ಅದರಿಂದ ಯಾರ ಮನೆಯೂ ಮುಳುಗಲಿಲ್ಲ. ಆದರೆ ಅವನಿಗೆ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ನನಗೆ ನಾನೇ ವಕೀಲಳಾಗಿಬಿಡುತ್ತೇನೆ.

ಚಾಮರಾಜಪೇಟೆಯ ಒಂದು ವಠಾರದ ಹಿಂದಿನ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಅಪ್ಪ ಅಮ್ಮ ಇಲ್ಲ. ನಾನು ಸೀರೆಗಳಿಗೆ ಫಾಲ್ಸ್ ಹೊಲಿಯುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ತಮ್ಮ ಮಾಮೂಲ್‌ಪೇಟೆಯ ಪ್ಲಾಸ್ಟಿಕ್ ಸಾಮಾನಿನ ಸಗಟು ಅಂಗಡಿಯೊಂದರಲ್ಲಿ ಗೋಡೌನ್ ನೋಡಿಕೊಳ್ಳುತ್ತಾನೆ. ಅವನು ಡಿಗ್ರಿ ಮಾಡಿದವನು, ನಾನು ಏಳನೇ ಕ್ಲಾಸು. ಅಮ್ಮ ಹಾಸಿಗೆ ಹಿಡಿದಾಗ ಅವನಿಗೆ ಮೂರು ವರ್ಷ. ಮನೆಯಲ್ಲಿ ಯಾರಾದರೂ ಇರಬೇಕಾಗಿತ್ತು, ನಾನು ಇದ್ದೆ. ಇದನ್ನು ಹೇಳಿದರೆ ಜನ ‘ಅಯ್ಯೋ ಪಾಪ’ ಅನ್ನುತ್ತಾರೆ. ಆ ‘ಅಯ್ಯೋ ಪಾಪ’ವನ್ನು ನಾನು ಬೇಕಾದಷ್ಟು ಕಡೆ ಬಳಸಿಕೊಂಡಿದ್ದೇನೆ.

ತಮ್ಮನಿಗೆ ಸಿನಿಮಾ ಅಂದರೆ ಪ್ರಾಣ. ಹೀರೋಗಳ ಹುಚ್ಚಲ್ಲ. ಯಾವುದೋ ಹಳೆಯ ಚಿತ್ರ, ಯಾರೂ ನೋಡದೆ ಬಿಟ್ಟ ಚಿತ್ರ, ಮಧ್ಯಾಹ್ನ ಟೀವಿಯಲ್ಲಿ ಬಂದರೆ ಊಟದ ತಟ್ಟೆ ಒಣಗಿದರೂ ಏಳುವುದಿಲ್ಲ. ನೋಡಿ ಮುಗಿದ ಮೇಲೆ ಉದ್ದನೆಯ ನೋಟ್‌ಬುಕ್ಕಿನಲ್ಲಿ ಅದರ ಬಗ್ಗೆ ಬರೆಯುತ್ತಾನೆ, ಹೊಡೆದುಹಾಕುತ್ತಾನೆ, ಮತ್ತೆ ಬರೆಯುತ್ತಾನೆ. ಬರೆದದ್ದನ್ನು ಓದಿ ಹೇಳುವುದು ನನಗೊಬ್ಬಳಿಗೇ.

“ಯಾರಿಗೋ ಇದೆಲ್ಲ?” ಎಂದು ನಾನು ಕೇಳುತ್ತಿದ್ದೆ.

“ಸದ್ಯಕ್ಕೆ ನಿಂಗೆ. ಆಮೇಲೆ ಊರಿಗೆ.”

“ಊರಿಗೇನೂ ಬೇಕಾಗಿಲ್ಲ, ಕಣೋ. ಹೋಗಿ ಹಾಲು ತಗೊಂಡ್ಬಾ.”

ನಮ್ಮ ಕಡೆ ಶುಕ್ರವಾರ ಶುಕ್ರವಾರ ಒಂದು ಪತ್ರಿಕೆಯನ್ನು ಬಿಟ್ಟಿಯಾಗಿ ಗೇಟಿನೊಳಕ್ಕೆ ಎಸೆದು ಹೋಗುತ್ತಾರೆ. ಬಡಾವಣೆಯ ಪತ್ರಿಕೆ. ಮುಕ್ಕಾಲು ಪಾಲು ಜಾಹೀರಾತು, ಉಳಿದದ್ದು ದೇವಸ್ಥಾನದ ಸುದ್ದಿ, ಒಡೆದ ಚರಂಡಿಯ ಫೋಟೋ. ಒಂದು ವಾರ ಅದರಲ್ಲಿ ಒಂದು ಪ್ರಕಟಣೆ ಬಂತು. ನೋಡಲೇಬೇಕಾದ ಒಂದು ಸಿನಿಮಾದ ಬಗ್ಗೆ ಓದುಗರು ಬರೆದು ಕಳಿಸಬೇಕು. ಚೆನ್ನಾಗಿ ಬರೆದ ಒಬ್ಬರಿಗೆ ವಾರವಾರವೂ ಬರೆಯಲು ಒಂದು ಅಂಕಣ, ಹೆಸರಿನ ಸಮೇತ. ತಮ್ಮ ಆ ತುಂಡನ್ನು ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿದ. ಗೋಡೌನಿನಲ್ಲಿ ಬಕೆಟ್ಟು ಮಗ್ಗು ಎಣಿಸುವವನಿಗೆ ಮೊದಲ ಸಲ ಯಾರೋ ಬಾಗಿಲು ತೆರೆದು ಬನ್ನಿ ಅಂದಹಾಗಿತ್ತು. ತಲೆ ಬಾಚುವಾಗೆಲ್ಲ ಅದನ್ನು ಓದುತ್ತಿದ್ದ.

ಆ ಭಾನುವಾರ ನಾವಿಬ್ಬರೂ ಒಂದು ಚಿತ್ರ ನೋಡಿದೆವು. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಒಬ್ಬನ ಕಥೆ. ಅವನ ಗಂಟಲು ಹೋಗುತ್ತದೆ. ಅಷ್ಟೇ ಕಥೆ. ನಾನು ಕುಚ್ಚು ಕಟ್ಟುತ್ತಲೇ ನೋಡುತ್ತಿದ್ದವಳು ಒಂದು ಕಡೆ ತಡೆಯಲಾರದೆ ಅಂದೆ: “ಪಾಪ, ದಿನಕ್ಕೆ ನೂರು ಊರಿನ ಹೆಸರು ಕೂಗ್ತಾನೆ. ಒಂದೂರಿಗೂ ಹೋಗಿಲ್ಲ ನೋಡು.”

ತಮ್ಮ ಟೀವಿಯಿಂದ ಕಣ್ಣು ತೆಗೆದು ನನ್ನನ್ನೇ ನೋಡಿದ. “ಅಕ್ಕ, ಇನ್ನೊಂದ್ಸಲ ಹೇಳೇ.”

“ಹೋಗೋ. ಸೂಜಿ ಚುಚ್ಕೊಳ್ತೀನಿ.”

ಅವನು ನಾಲ್ಕು ದಿನ ಕೂತು ಬರೆದ. ಒಂದೂವರೆ ಪುಟ. ಶುದ್ಧ ಪ್ರತಿ ಮಾಡಿ, ಶನಿವಾರ ಪೋಸ್ಟ್ ಮಾಡುತ್ತೇನೆಂದು ಬೀರುವಿನ ಮೇಲಿಟ್ಟ. ಆ ಪುಟದಲ್ಲಿ ಒಂದು ಸಾಲು ಹೀಗಿತ್ತು: ‘ಇವನು ದಿನಕ್ಕೆ ನೂರು ಊರಿನ ಹೆಸರು ಕೂಗುತ್ತಾನೆ, ಒಂದು ಊರಿಗೂ ಹೋಗಿಲ್ಲ ಎಂದು ಅಕ್ಕ ಹೇಳಿದಳು, ನಾನು ಬರೆಯಬೇಕೆಂದಿದ್ದ ವಿಮರ್ಶೆಯೆಲ್ಲ ಅಲ್ಲಿಗೆ ಮುಗಿಯಿತು.’ ನನಗೆ ಓದಿ ಹೇಳುವಾಗ ಆ ಸಾಲು ಬಂದ ಕೂಡಲೇ ನಕ್ಕ. ನಾನೂ ನಕ್ಕೆ.

ಇನ್ನು ಮಹಿಳಾ ಮಂಡಳಿಯ ವಿಷಯ. ನನ್ನ ಕೈಗೆ ಸೀರೆ ಕೊಡುವವರು ಹೆಚ್ಚಾಗಿ ಅವರೇ. ಅವರ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನೂ ಸೇರಿಸಿದ್ದರು, ‘ಸೀರೆ ರೆಡಿ ಇದೆ’ ಎಂದು ಹಾಕಲು ಅನುಕೂಲವಾಗಲಿ ಎಂದು. ಆ ಗುಂಪಿನಲ್ಲಿ ಶನಿವಾರಕ್ಕೊಂದು ಪದ್ಧತಿ. ಎಲ್ಲರೂ ಮಂಡಳಿಯಲ್ಲಿ ಸೇರಿದಾಗ ಚೀಟಿ ಎತ್ತುವುದು. ಯಾರ ಹೆಸರು ಬರುತ್ತದೋ ಅವರು ಮುಂದಿನ ಶನಿವಾರ ವಾಟ್ಸಾಪಿನಲ್ಲಿ ಒಂದು ಸಿನಿಮಾ ಹೇಳಬೇಕು. ಬೇರೆ ಕಡೆಯಿಂದ ಬಂದದ್ದನ್ನು ದಾಟಿಸುವಂತಿಲ್ಲ, ಸ್ವಂತ ವಾಕ್ಯದಲ್ಲೇ ಬರೆಯಬೇಕು. ನಾವು ಚಿತ್ರ ನೋಡಿದ ಭಾನುವಾರದ ಹಿಂದಿನ ದಿನ, ನಾನು ಸೀರೆ ಕೊಡಲು ಹೋಗಿದ್ದಾಗಲೇ, ನನ್ನ ಹೆಸರು ಬಂತು. ನನ್ನ ಚೀಟಿಯೂ ಅಲ್ಲಿತ್ತು ಎನ್ನುವುದೇ ನನಗೆ ಆಶ್ಚರ್ಯ. ಅಧ್ಯಕ್ಷೆ ಎಲ್ಲರೆದುರಿಗೆ ಅಂದರು:

“ಅಯ್ಯೋ, ನಿನ್ನ ಹೆಸರು ಯಾರಮ್ಮಾ ಹಾಕಿದ್ದು? ಬೇಡ ಬಿಡು, ನಿಂಗ್ಯಾಕೆ ತೊಂದ್ರೆ. ಬರೆಯೋಕಾಗ್ದಿದ್ರೆ ವಾಯ್ಸ್ ಮೆಸೇಜ್ ಹಾಕ್ಬಿಡು, ನಾವು ಅಡ್ಜಸ್ಟ್ ಮಾಡ್ಕೋತೀವಿ.”

ಯಾರೋ ಹಿಂದಿನಿಂದ, “ಅವಳು ಕುಚ್ಚಲ್ಲೇ ಬರೀತಾಳೆ ಬಿಡ್ರೀ” ಅಂದರು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಅದಕ್ಕೇ ಹೆಚ್ಚು ಉರಿಯಿತು.

“ಬರೀತೀನಿ ಮೇಡಂ,” ಅಂದೆ.

ಗುರುವಾರ ಮಧ್ಯಾಹ್ನ ತಮ್ಮ ಅಂಗಡಿಯಲ್ಲಿದ್ದಾಗ ಬೀರುವಿನ ಮೇಲಿನ ಹಾಳೆ ಕೆಳಗಿಳಿಸಿದೆ. ಏಳನೇ ಕ್ಲಾಸಿನವರೆಗೆ ನಾನು ಒಂದೇ ಒಂದು ವಿಷಯದಲ್ಲಿ ಮುಂದಿದ್ದೆ: ಸಮಾನಾರ್ಥಕ ಪದ. ಪಾಠದ ಕೊನೆಯಲ್ಲಿ ‘ಸ್ವಂತ ವಾಕ್ಯದಲ್ಲಿ ಉತ್ತರಿಸಿ’ ಎಂದು ಬರುತ್ತಿತ್ತಲ್ಲ, ಅದಕ್ಕೆ ನಮ್ಮ ಟೀಚರು ಒಂದು ದಾರಿ ಹೇಳಿಕೊಟ್ಟಿದ್ದರು. ಪಾಠದ ಸಾಲನ್ನೇ ತೆಗೆದುಕೊಳ್ಳಿ, ಮೂರು ಪದಕ್ಕೊಂದು ಪದ ಬದಲಾಯಿಸಿ, ಅದು ನಿಮ್ಮ ಸ್ವಂತ ವಾಕ್ಯ. ಹಾಗೆ ಬರೆದದ್ದಕ್ಕೆ ಅವರು ಕೆಂಪು ಇಂಕಿನಲ್ಲಿ ‘ಉತ್ತಮ’ ಎಂದು ಹಾಕುತ್ತಿದ್ದರು. ನಾನು ಕಲಿತ ವಿದ್ಯೆ ಇಷ್ಟೇ, ಅದನ್ನು ಅವತ್ತು ಪೂರ್ತಿ ಬಳಸಿದೆ.

ಅವನು ‘ಚಿತ್ರ’ ಎಂದಲ್ಲೆಲ್ಲ ‘ಸಿನಿಮಾ’ ಎಂದೆ. ‘ಮೌನ’ ಎಂದಲ್ಲಿ ‘ಸುಮ್ಮನಿರುವುದು’. ‘ವಿಷಾದ’ಕ್ಕೆ ‘ಬೇಸರ’. ‘ಇಲ್ಲಿ ಯಾರೂ ಅಳುವುದಿಲ್ಲ, ಅಳುವ ಕೆಲಸವನ್ನು ನಿರ್ದೇಶಕರು ನಮಗೆ ಬಿಟ್ಟಿದ್ದಾರೆ’ ಎಂಬುದು ‘ಇದರಲ್ಲಿ ಒಬ್ಬರೂ ಕಣ್ಣೀರು ಹಾಕುವುದಿಲ್ಲ, ಅದನ್ನು ನಮ್ಮ ಪಾಲಿಗೇ ಉಳಿಸಿದ್ದಾರೆ’ ಎಂದಾಯಿತು. ‘ತಪ್ಪದೆ ನೋಡಿ’ ‘ಮರೆಯದೆ ನೋಡಿ’ ಆಯಿತು. ಒಂದು ಕಡೆ ‘ಕಣ್ಣು’ ಇದ್ದದ್ದನ್ನು ‘ನೇತ್ರ’ ಮಾಡಿದೆ, ಓದಿದರೆ ಕಣ್ಣಿನ ಆಸ್ಪತ್ರೆಯ ಬೋರ್ಡಿನ ಹಾಗಿತ್ತು. ಮತ್ತೆ ಕಣ್ಣು ಮಾಡಿದೆ. ಎರಡು ಗಂಟೆ ಹಿಡಿಯಿತು. ಸುಳ್ಳು ಹೇಳುವುದಿಲ್ಲ, ಖುಷಿಯಾಗುತ್ತಿತ್ತು. ಒಂದೊಂದು ಪದ ಕಿತ್ತು ಇನ್ನೊಂದನ್ನು ಕೂರಿಸುವಾಗ ನಾನೇ ಬರೆಯುತ್ತಿದ್ದೇನೆ ಅನ್ನಿಸುತ್ತಿತ್ತು.

ನನ್ನ ಸಾಲಿನ ಹತ್ತಿರ ಬಂದೆ. ಅಲ್ಲಿ ‘ಅಕ್ಕ ಹೇಳಿದಳು’ ಎಂದಿತ್ತು. ಆ ಎರಡು ಪದಕ್ಕೆ ಸಮಾನ ಪದ ಹುಡುಕುವ ಕೆಲಸವಿರಲಿಲ್ಲ. ತೆಗೆದು, ‘ನನಗನ್ನಿಸಿತು’ ಎಂದು ಹಾಕಿದೆ. ಮಾತು ನನ್ನದೇ ತಾನೆ, ಇದರಲ್ಲೇನು ತಪ್ಪು ಎಂದುಕೊಂಡೆ. ಆ ಒಂದು ಸಾಲು ನನ್ನದಾಗಿದ್ದರಿಂದ ಉಳಿದ ಮೂವತ್ತು ಸಾಲೂ ನನ್ನವಾಗಿಬಿಟ್ಟವು.

ಹಾಳೆಯನ್ನು ಇದ್ದಲ್ಲೇ ಇಟ್ಟೆ. ಶನಿವಾರ ಬೆಳಿಗ್ಗೆ ತಮ್ಮ ಅದನ್ನು ಕವರಿಗೆ ಹಾಕಿ, ಅಂಟು ಹಚ್ಚಿ, “ಅಕ್ಕ, ನಿನ್ ಕೈಯಿಂದ ಒಂದ್ಸಲ ಮುಟ್ಟಿಕೊಡು” ಅಂದ. ಮುಟ್ಟಿಕೊಟ್ಟೆ. ಅವನು ಪೋಸ್ಟ್ ಆಫೀಸಿಗೆ ಹೋದ ಅರ್ಧ ಗಂಟೆಗೆ ನಾನು ನನ್ನದನ್ನು ಗುಂಪಿಗೆ ಹಾಕಿದೆ.

ಇಲ್ಲಿಯವರೆಗಿನದನ್ನು ದಡ್ಡತನ ಎನ್ನಬಹುದು. ಇಪ್ಪತ್ತು ಹೆಂಗಸರು ಓದಿ, ಹೂವಿನ ಚಿತ್ರ ಹಾಕಿ, ಮರುದಿನ ಮರೆತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸಂಜೆ ಅಧ್ಯಕ್ಷೆ ಫೋನ್ ಮಾಡಿದರು.

“ಏನಮ್ಮಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ? ಓದಿ ಅತ್ತೇಬಿಟ್ಟೆ. ಶುಕ್ರವಾರದ ಪತ್ರಿಕೆ ಎಡಿಟರ್ರು ನಂಗೆ ಚೆನ್ನಾಗಿ ಗೊತ್ತು. ಕಳಿಸ್ಲಾ?”

ಆ ಪತ್ರಿಕೆಗೇ ತಮ್ಮನ ಕವರು ಹೋಗಿದೆ ಎಂದು ನನಗೆ ಗೊತ್ತಿತ್ತು. ಕನ್ನಡಿಯ ಅಂಚಿನಲ್ಲಿ ಅವನು ಸಿಕ್ಕಿಸಿದ ತುಂಡು ನಾನು ನಿಂತ ಜಾಗದಿಂದ ಕಾಣುತ್ತಿತ್ತು. ಬೇಡ ಮೇಡಂ ಅನ್ನಲು ಎಷ್ಟು ಹೊತ್ತು ಬೇಕು?

“ನಿಮ್ಮಿಷ್ಟ ಮೇಡಂ. ಕಳಿಸಿ,” ಅಂದೆ.

ನನ್ನ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಗುರುವಾರದ ಮಧ್ಯಾಹ್ನವನ್ನಲ್ಲ.

ಮುಂದಿನ ಶುಕ್ರವಾರ ನನ್ನ ಹೆಸರು, ನನ್ನ ಫೋಟೋ ಬಂತು. ಯಾವುದೋ ಮದುವೆಯಲ್ಲಿ ತೆಗೆದದ್ದು, ಹಿಂದೆ ಯಾರದೋ ಕೈ ಕಾಣುತ್ತಿತ್ತು. ಗೇಟಿನಲ್ಲಿ ಬಿದ್ದಿದ್ದ ಪತ್ರಿಕೆಯನ್ನು ಬೆಳಿಗ್ಗೆಯೇ ಎತ್ತಿ ಅಕ್ಕಿ ಡಬ್ಬದ ಕೆಳಗಿಟ್ಟೆ. ತಮ್ಮ, “ಇವತ್ತು ಪೇಪರ್ ಬಂದಿಲ್ವಾ?” ಎಂದು ಎರಡು ಸಲ ಕೇಳಿದ. “ಹಾಕಿಲ್ಲ ಕಣೋ,” ಅಂದೆ.

ಸೋಮವಾರ ಅವನಿಗೆ ಅಂಗಡಿಯಲ್ಲಿದ್ದಾಗಲೇ ಪತ್ರಿಕೆಯ ಕಚೇರಿಯಿಂದ ಫೋನ್ ಬಂತಂತೆ. ಅಂಕಣಕ್ಕೆ ಆರಿಸಿದ್ದಾರೆ ಎಂದುಕೊಂಡು ಸಾಹುಕಾರರಿಗೆ ಕೈಸನ್ನೆ ಮಾಡಿ ಹೊರಗೆ ಹೋಗಿ ಮಾತಾಡಿದನಂತೆ. ಅಧ್ಯಕ್ಷೆಯನ್ನು ವಿಚಾರಿಸಿ ನಾವು ಅಕ್ಕ ತಮ್ಮ ಎಂದು ತಿಳಿದುಕೊಂಡಿದ್ದ ಅವರು ಕೇಳಿದ್ದು, “ಅಕ್ಕನ ಬರಹವನ್ನ ನಕಲು ಮಾಡಿ ಕಳಿಸ್ತೀರಲ್ಲ, ನಾಚಿಕೆಯಾಗಲ್ವಾ?” ಎಂದು.

ಮನೆಗೆ ಬಂದವನು ಚಪ್ಪಲಿ ಬಿಡಲಿಲ್ಲ. ಕೂಗಾಡಲಿಲ್ಲ. ಎಲ್ಲಿಂದಲೋ ಆ ಪತ್ರಿಕೆಯ ಒಂದು ಪ್ರತಿ ಹುಡುಕಿ ತಂದಿದ್ದ. ನನ್ನ ಮುಂದೆ ಹಾಸಿ, ತನ್ನ ನೋಟ್‌ಬುಕ್ ಪಕ್ಕದಲ್ಲಿಟ್ಟು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿಕೊಂಡು ಹೋದ. ಕೊನೆಗೆ ಅಂದ:

“ನಿಂಗೆ ಬೇಕಿತ್ತು ಅಂದಿದ್ರೆ ಕೊಡ್ತಿದ್ನಲ್ಲೇ ಅಕ್ಕ. ಬೇರೇದು ಬರೆದುಕೊಡ್ತಿದ್ದೆ. ಇದೇ ಬೇಕಿತ್ತಾ?”

ನಾನು ಅತ್ತೆ. ಅಳುವುದು ನನಗೆ ಚೆನ್ನಾಗಿ ಬರುತ್ತದೆ.

“ಅಳ್ಬೇಡ. ನಾಳೆ ಆಫೀಸಿಗೆ ಬನ್ನಿ ಅಂದಿದಾರೆ, ಇಬ್ರೂನೂ. ನೀನು ಬಂದು ನಿಜ ಹೇಳ್ಬಿಡು, ಸಾಕು. ನಾನು ಬೈಯಲ್ಲ. ಬರ್ತಾ ದೋಸೆ ತಿನ್ಕೊಂಡು ಬರೋಣ.”

ಮರುದಿನ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದೇ ಹೋದೆವು. ಕಚೇರಿ ಎನ್.ಆರ್. ಕಾಲೋನಿಯಲ್ಲಿ, ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವವರೆಗೂ ನಾನು ನಿಜ ಹೇಳುವವಳೇ ಇದ್ದೆ. ಹೇಗೆ ಶುರುಮಾಡುವುದು ಎಂದು ಮಾತು ಜೋಡಿಸಿಕೊಂಡಿದ್ದೆ. ಒಳಗೆ ಹೋದರೆ ಸಂಪಾದಕರ ಎದುರಿನ ಕುರ್ಚಿಯಲ್ಲಿ ಮಂಡಳಿಯ ಅಧ್ಯಕ್ಷೆ ಕೂತಿದ್ದರು, ನಾನು ಕುಚ್ಚು ಕಟ್ಟಿದ ಸೀರೆ ಉಟ್ಟುಕೊಂಡು.

“ಬಾಮ್ಮಾ ಬಾ, ನಮ್ಮ ಲೇಖಕಿ!” ಎಂದು ಎದ್ದು ನನ್ನ ಕೈ ಹಿಡಿದುಕೊಂಡರು. ನನಗೆ ಯಾರೂ ಅಲ್ಲಿಯವರೆಗೆ ಎದ್ದು ಕುರ್ಚಿ ಕೊಟ್ಟಿರಲಿಲ್ಲ. ಕೂತೆ. ತಮ್ಮ ನಿಂತೇ ಇದ್ದ.

ಸಂಪಾದಕರು ವಯಸ್ಸಾದವರು, ಕೆಟ್ಟವರಲ್ಲ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದರು.

“ನೋಡಪ್ಪಾ,” ಎಂದರು ತಮ್ಮನಿಗೆ. “ನಾನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಅಸಲು ಯಾವುದು ನಕಲು ಯಾವುದು ಅಂತ ವಾಸನೇಲೇ ಗೊತ್ತಾಗುತ್ತೆ. ಇವ್ರದ್ದು ನೋಡು, ಬೇಸರ, ಸುಮ್ಮನಿರುವುದು, ಎಲ್ಲಾ ಮನೆ ಮಾತು. ಓದಿಲ್ಲದ ಹೆಂಗಸು ಹೀಗೇ ಬರೆಯೋದು. ನಿಂದು ವಿಷಾದ, ಮೌನ. ಅದಕ್ಕೇ ಪಾಲಿಶ್ ಹಾಕಿದ್ದೀಯ.”

“ಸಾರ್, ಉಲ್ಟಾ ಸಾರ್. ನಾನು ಬರೆದಿದ್ದನ್ನ ಅವಳು...”

“ಏಳನೇ ಕ್ಲಾಸ್ ಓದಿರೋರು ಡಿಗ್ರಿ ಮಾಡಿರೋನ ಹತ್ರ ಕದ್ರು ಅಂತೀಯಾ?” ಅಧ್ಯಕ್ಷೆ ನಡುವೆ ಬಂದರು. “ನಿಂಗೋಸ್ಕರ ಸ್ಕೂಲ್ ಬಿಟ್ಟೋಳು ಕಣಪ್ಪಾ ಅವಳು. ಸ್ವಲ್ಪ ಯೋಚನೆ ಮಾಡಿ ಮಾತಾಡು.”

ಅದನ್ನು ಅವರಿಗೆ ಹೇಳಿದ್ದು ನಾನೇ, ಯಾವತ್ತೋ ಸೀರೆ ಕೊಡಲು ಹೋದಾಗ.

“ಅಷ್ಟು ಯಾಕೆ,” ಎಂದರು ಸಂಪಾದಕರು, ತಮ್ಮನ ಹಾಳೆಯನ್ನು ಎತ್ತಿ. “ನೀನೇ ಬರೆದಿದ್ದೀಯಲ್ಲ. ‘ಅಕ್ಕ ಹೇಳಿದಳು’ ಅಂತ. ಇಡೀ ಬರಹದ ಜೀವ ಇರೋದೇ ಈ ಸಾಲಲ್ಲಿ. ಅದನ್ನ ಅಕ್ಕ ಹೇಳಿದ್ದು ಅಂತ ನೀನೇ ಒಪ್ಕೊಂಡಿದ್ದೀಯ. ಇನ್ನೇನು ಬೇಕು?” ನನ್ನ ಕಡೆ ತಿರುಗಿ, ಅಚ್ಚಾದ ಪತ್ರಿಕೆಯಲ್ಲಿ ಆ ಸಾಲಿನ ಕೆಳಗೆ ಬೆರಳಿಟ್ಟು ಕೇಳಿದರು: “ಏನಮ್ಮಾ, ಈ ಮಾತು ನಿಮ್ಮದೇ ತಾನೆ?”

ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ಬೇಡುವ ಮುಖವಲ್ಲ ಅದು. ಈಗ ಹೇಳುತ್ತಾಳೆ ಎಂದು ಪೂರ್ತಿ ನಂಬಿದವನ ಮುಖ.

“ಹೌದು ಸಾರ್,” ಅಂದೆ.

ಅದು ನಿಜ. ಆ ಮಾತು ನನ್ನದೇ. ಇನ್ನುಳಿದ ಒಂದೂವರೆ ಪುಟ ಅವನದು ಎಂದು ಮುಂದೆ ಹೇಳಬೇಕಾಗಿತ್ತು, ಅದಕ್ಕೆ ಬಾಯಿ ಬರಲಿಲ್ಲ. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ?

ಅವನು ನನ್ನ ಸಾಲಿಗೆ ನನ್ನ ಹೆಸರು ಹಾಕಿದ್ದ. ಹಾಕದೇ ಇದ್ದಿದ್ದರೆ ಗೆಲ್ಲುತ್ತಿದ್ದನೋ ಏನೋ.

ತಮ್ಮ ತನ್ನ ಹಾಳೆಯನ್ನು ಮೇಜಿನಿಂದ ತೆಗೆದುಕೊಂಡು, ಮಡಿಚಿ, ಕಿಸೆಗಿಟ್ಟು ಮೆಟ್ಟಿಲಿಳಿದು ಹೋದ. ನನಗೆ ಬಾದಾಮಿ ಹಾಲು ತರಿಸಿಕೊಟ್ಟರು. ಕುಡಿದೆ. ಕುಡಿದೆ ಎನ್ನುವುದನ್ನು ಯಾರಿಗೂ ಹೇಳಿರಲಿಲ್ಲ.

ಅಂಕಣ ನನಗೆ ಕೊಡುತ್ತೇವೆ ಎಂದರು. ವಾರವಾರ ಏನು ಬರೆಯಲಿ? ಯಾರ ಹಾಳೆ ಇಳಿಸಲಿ? ಕಣ್ಣು ಮಂಜಾಗುತ್ತಿದೆ, ಕೆಲಸ ಜಾಸ್ತಿ ಎಂದು ನೆಪ ಹೇಳಿದೆ. ಸ್ವಲ್ಪ ದಿನ ಕಾದು, ರಿಟೈರ್ ಆದ ಮೇಷ್ಟ್ರೊಬ್ಬರಿಗೆ ಕೊಟ್ಟರು. ಅವರು ತಮ್ಮ ಕಾಲದ ಥಿಯೇಟರುಗಳಲ್ಲಿ ಬಾಲ್ಕನಿ ಹೇಗಿತ್ತು ಎಂದು ಬರೆಯುತ್ತಾರೆ, ಸಿನಿಮಾದ ವಿಷಯ ಕೊನೆಯ ಎರಡು ಸಾಲು.

ತಮ್ಮ ಮನೆ ಬಿಟ್ಟು ಹೋಗಲಿಲ್ಲ. ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು. ಇದ್ದಾನೆ. ಅನ್ನ ಹಾಕಿದರೆ ಉಣ್ಣುತ್ತಾನೆ, ಗ್ಯಾಸ್ ಬುಕ್ ಮಾಡುತ್ತಾನೆ, ನನಗೆ ಜ್ವರ ಬಂದಾಗ ಮಾತ್ರೆ ತಂದುಕೊಟ್ಟ. ಭಾನುವಾರ ಟೀವಿ ಮುಂದೆ ಕೂತರೆ ನಾನು ಬಾಯಿಬಿಟ್ಟು ಏನಾದರೂ ಅಂದೇನೋ ಎಂದು ಶಬ್ದ ಹೆಚ್ಚು ಮಾಡುತ್ತಾನೆ. ಹೇಗಿತ್ತೋ ಸಿನಿಮಾ ಎಂದರೆ “ಚೆನ್ನಾಗಿತ್ತು” ಅನ್ನುತ್ತಾನೆ. ಎಲ್ಲ ಸಿನಿಮಾಕ್ಕೂ ಅದೇ. ನೋಟ್‌ಬುಕ್ಕಿನಲ್ಲಿ ಹೊಸದಾಗಿ ಏನೂ ಬರೆದಿಲ್ಲ. ಅವನಿಲ್ಲದಾಗ ತೆಗೆದು ನೋಡಿದ್ದೇನೆ. ಅದೂ ಒಂದು ಕಳ್ಳತನವೇ, ಗೊತ್ತು.

ಎಂಟು ತಿಂಗಳಾದ ಮೇಲೆ ಒಂದು ದಿನ ಒಬ್ಬಳೇ ಎನ್.ಆರ್. ಕಾಲೋನಿಗೆ ಹೋದೆ. ಸಂಪಾದಕರಿಗೆ ಎಲ್ಲ ಹೇಳಿದೆ, ಬೀರುವಿನಿಂದ ಹಿಡಿದು ಅಕ್ಕಿ ಡಬ್ಬದವರೆಗೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಹೋಗ್ಲಿ ಬಿಡಮ್ಮಾ, ಹಳೇ ವಿಷಯ,” ಎಂದರು ಮೊದಲು. ಆಮೇಲೆ ಅವರಿಗೇ ಸರಿಯೆನ್ನಿಸಲಿಲ್ಲವೇನೋ. “ನಿಮ್ಮ ತಮ್ಮನ್ನ ಕರ್ಕೊಂಡು ಬನ್ನಿ. ಒಂದು ಸ್ಪಷ್ಟನೆ ಹಾಕ್ತೀನಿ, ಅವ್ರ ಬರಹಾನೂ ಹಾಕ್ತೀನಿ, ಪೂರ್ತಿ. ಹೊಸದೊಂದು ಕಳಿಸಿದ್ರೆ ನೋಡೋಣ,” ಎಂದರು.

ನಾನು ಬಹುತೇಕ ಓಡಿಕೊಂಡೇ ಮನೆಗೆ ಬಂದೆ. ತಮ್ಮ ಕೈಕಾಲು ತೊಳೆಯುತ್ತಿದ್ದ. ಬಚ್ಚಲ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಅವನು ಟವಲಿನಲ್ಲಿ ಮುಖ ಒರೆಸಿಕೊಂಡ, ಒಂದೊಂದು ಬೆರಳೂ ಒರೆಸಿಕೊಂಡ.

“ಅವತ್ತು ನಾನು ಇದನ್ನೇ ಹೇಳ್ದೆ,” ಅಂದ. “ಇದೇ ಮಾತು. ನಂಬಲಿಲ್ಲ. ಇವತ್ತು ನೀನು ಹೇಳ್ದೆ, ನಂಬಿದ್ರು.”

“ನಂಬಿದ್ರಲ್ಲೋ, ಅಷ್ಟು ಸಾಕಲ್ವಾ?”

“ಅಂದ್ರೆ ನಾನು ಕಳ್ಳ ಅಂತ ಆಗಿದ್ದೂ ನಿನ್ನ ಮಾತಿಂದ, ಅಲ್ಲ ಅಂತ ಆಗ್ಬೇಕಾದ್ರೂ ನಿನ್ನ ಮಾತೇ ಬೇಕು. ಇವಾಗ್ಲೂ ‘ಅಕ್ಕ ಹೇಳಿದಳು’ ಅಂತಾನೇ ತಾನೆ ಅವ್ರು ಹಾಕೋದು?” ಟವಲನ್ನು ಹಗ್ಗದ ಮೇಲೆ ಹರವಿ, ಎರಡೂ ಅಂಚು ಸಮ ಮಾಡಿದ. “ನಂಗೆ ಬೇಡ. ನಾನು ಬರಲ್ಲ.”

ಇನ್ನೊಂದು ಮಾತಾಡಬೇಕೆಂದು ಬಾಯಿ ತೆರೆದೆ. ಅವನು ಒಳಗೆ ಹೋಗಿ ಟೀವಿ ಹಾಕಿದ. ಯಾವುದೋ ಸಿನಿಮಾ ಅರ್ಧ ಆಗಿತ್ತು. ನಾನು ಬಾಗಿಲ ಹೊರಗೇ ಕೂತು, ಮರುದಿನ ಕೊಡಬೇಕಾದ ಸೀರೆಯ ಸೆರಗು ಹರಡಿಕೊಂಡೆ.